ಗಿರಿಜೆಯ ವಿಯೆಟ್ನಾಂ, ನನ್ನ ವಿಯೆಟ್ನಾಂ

ವಿಯೆಟ್ನಾಮಿಗೆ ಹೋಗೋಣ ಅಂದವಳು ಗಿರಿಜೆ. ಹೋಗಿ ಬಂದದ್ದನ್ನು ಬರೆಯುವವಳು ನಾನು ಎಂದು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ಹೇಳಬೇಕಾದ ಮಾತು ಅದು ಎಂದು ನನಗೆ ಅನ್ನಿಸಿರಲೂ ಇಲ್ಲ.

ನಾವಿಬ್ಬರೂ ಹೊನ್ನಾಳಿಯವರು. ಒಂದೇ ಬೀದಿ, ಒಂದೇ ಶಾಲೆ. ಎಂಟನೇ ತರಗತಿಗೆ ಅವಳ ಓದು ನಿಂತಿತು. ಕೆಲವು ವರ್ಷಗಳಲ್ಲೇ ನ್ಯಾಮತಿಯ ಅಡಿಕೆ ವ್ಯಾಪಾರದ ಮನೆಗೆ ಸೊಸೆಯಾಗಿ ಹೋದಳು. ನಾನು ಓದಿ ಕನ್ನಡ ಟೀಚರ್ ಆದೆ. ಮೊದಮೊದಲು ಜಗಳೂರಿನಲ್ಲಿ, ಆಮೇಲೆಲ್ಲ ಚನ್ನಗಿರಿಯಲ್ಲಿ. ಈಗ ನಿವೃತ್ತಿಯಾಗಿ ಅಲ್ಲೇ ಇದ್ದೇನೆ. ಗಿರಿಜೆಯ ಮನೆಯ ಬರವಣಿಗೆಯೆಲ್ಲ ನಾನು ಟೀಚರ್ ಆದಂದಿನಿಂದ ನನ್ನ ಪಾಲಿನದು. ಮಗಳ ಲಗ್ನಪತ್ರಿಕೆಯ ಮೇಲಿನ ಸಾಲುಗಳು, ಮಹಿಳಾ ಮಂಡಳಿಯಲ್ಲಿ ಅವಳು ಓದಬೇಕಾದ ಸ್ವಾಗತ ಭಾಷಣ, ಗಂಡ ಶಿವಣ್ಣನವರು ತೀರಿಕೊಂಡಾಗ ಶಿವಗಣಾರಾಧನೆಯ ದಿನ ಓದಿದ ನುಡಿನಮನ, ಎಲ್ಲ ನಾನೇ. "ಸರೋಜಾ, ನಾಕು ಸಾಲು ಬರದು ಕೊಡೇ" ಎಂದು ಫೋನ್ ಮಾಡುತ್ತಿದ್ದಳು. ಅವಳು ಓದುವ ದಿನ ಮುಂದಿನ ಸಾಲಿನಲ್ಲಿ ಕೂತು, ನನ್ನ ಮಾತು ಅವಳ ಬಾಯಲ್ಲಿ ಬರುವುದನ್ನು ಕೇಳುವುದೆಂದರೆ ನನಗೆ ಬಹಳ ಇಷ್ಟ.

ಹೊನ್ನಾಳಿ, ನ್ಯಾಮತಿ, ಚನ್ನಗಿರಿ ಕಡೆಯ ಹೆಂಗಸರೇ ಒಂದು ಗುಂಪಾಗಿ ಹೊರಟೆವು. ಮನೆಯವರಿಗೆ ಸುದ್ದಿ ತಿಳಿಯಲಿ ಎಂದು ಫೋನಿನಲ್ಲಿ ಒಂದು ಗ್ರೂಪ್ ಮಾಡಿದರು. ಜಗಳೂರಿನಲ್ಲಿ ವಾರಪತ್ರಿಕೆ ನಡೆಸುವ ರುದ್ರೇಶ ನನ್ನ ಹಳೆಯ ವಿದ್ಯಾರ್ಥಿ. ನನ್ನ ಬರಹ ಬಿಸಿಯಾಗಿರುವಾಗಲೇ ಓದಲಿ ಎಂದು ಅವನನ್ನೂ ಅದಕ್ಕೆ ಸೇರಿಸಿದವಳು ನಾನೇ.

ಹನೋಯ್

ಹನೋಯ್‌ನಲ್ಲಿ ರಸ್ತೆ ದಾಟುವುದಕ್ಕೆ ಒಂದೇ ಉಪಾಯ: ನಿಲ್ಲಬಾರದು, ಓಡಬಾರದು. ಎದುರಿಗೆ ಬರುವ ಸ್ಕೂಟರುಗಳ ದಂಡನ್ನು ನೋಡದವರಂತೆ ನಿಧಾನವಾಗಿ ನಡೆಯುತ್ತಿದ್ದರೆ ಅವು ಎಡಕ್ಕೂ ಬಲಕ್ಕೂ ಸರಿದುಕೊಂಡು ಹೋಗುತ್ತವೆ. ನಮ್ಮ ಗೈಡ್ ಲಿನ್ ಎಂಬ ಚೂಟಿ ಹುಡುಗಿ ಹೀಗೆ ಹೇಳಿಕೊಟ್ಟು ತಾನು ಆಚೆ ಬದಿಗೆ ಹೋಗಿ ನಿಂತಳು. ಗಿರಿಜೆ ನನ್ನ ಸೆರಗು ಹಿಡಿದಳು. "ಕಣ್ಣು ಮುಚ್ಕೊಳ್ಳಲಾ?" ಎಂದು ಕೇಳಿದಳು. "ಮುಚ್ಚಿದರೆ ನನ್ನನ್ನೂ ಕೆಡವುತ್ತೀಯ" ಎಂದೆ. ಆಚೆ ತಲುಪಿದಾಗ ನನ್ನ ಸೆರಗಿನ ಪಿನ್ನು ಕಿತ್ತುಹೋಗಿತ್ತು. ಚನ್ನಗಿರಿ ಬಸ್‌ಸ್ಟ್ಯಾಂಡಿನ ಎದುರು ನಾವು ಒಬ್ಬರನ್ನೊಬ್ಬರು ಬೈದುಕೊಂಡು ದಾಟುತ್ತೇವೆ. ಇಲ್ಲಿ ಅಷ್ಟು ಗಾಡಿಗಳ ನಡುವೆ ಯಾರೂ ಯಾರನ್ನೂ ಬೈಯಲಿಲ್ಲ.

ಊಟದಲ್ಲಿ ಇನ್ನೊಂದು ತಮಾಷೆ. ಇವರ ಭಾಷೆಯಲ್ಲಿ ಸಸ್ಯಾಹಾರಕ್ಕೆ 'ಚಾಯ್' ಅನ್ನುತ್ತಾರೆ. ಲಿನ್ ಮೇಜಿನ ಸುತ್ತ ಓಡಾಡಿ "ಚಾಯ್? ಚಾಯ್?" ಎಂದು ಕೇಳಿದ್ದೇ ತಡ, ಬೆಳಗ್ಗಿನಿಂದ ಚಹಾ ಕಾಣದ ನಮ್ಮವರೆಲ್ಲ ಕೈ ಎತ್ತಿದರು. ಎಲ್ಲರ ಮುಂದೆಯೂ ಸೋಯಾ ಗಿಣ್ಣಿನಂಥ ಬಿಳಿ ತುಂಡುಗಳು ಬಂದು ಕೂತವು.

ಸಂಜೆ ನಮ್ಮಿಬ್ಬರ ಕೋಣೆಯಲ್ಲಿ ನಾನು ಬರೆಯಲು ಕೂತೆ. ಸೆರಗಿನ ಪಿನ್ನಿನಿಂದ ಶುರು ಮಾಡಲೋ ಚಹಾದಿಂದ ಶುರು ಮಾಡಲೋ ಎಂದು ಯೋಚಿಸುತ್ತಿದ್ದೆ. ಗಿರಿಜೆ ಮಂಚದ ಮೇಲೆ ಕಾಲು ಚಾಚಿ ಫೋನಿನೊಂದಿಗೆ ಮಾತಾಡುತ್ತಿದ್ದಳು.

"ಇವತ್ತು ರಸ್ತೆ ದಾಟಿದ್ವಿ. ಭಾಳ ಗಾಡಿ. ಹೆದರಿಕೆ ಆತು. ಚೆನ್ನಾಗಿತ್ತು."

ಮಗಳ ಜೊತೆ ಮಾತಾಡುತ್ತಿದ್ದಾಳೆ ಎಂದುಕೊಂಡೆ. ಸ್ವಲ್ಪ ಹೊತ್ತಿಗೆ ನನ್ನ ಫೋನು ಕಿಣ್ ಎಂದಿತು. ಗ್ರೂಪಿನಲ್ಲಿ ಗಿರಿಜೆಯ ಹೆಸರಿನಲ್ಲಿ ಉದ್ದನೆಯ ಬರಹ ಬಂದಿತ್ತು. 'ಹನೋಯ್ ನಗರದ ಬೀದಿಗಳಲ್ಲಿ ವಾಹನಗಳ ಮಹಾಪೂರವೇ ಹರಿಯುತ್ತಿತ್ತು. ಆ ಗದ್ದಲದ ನಡುವೆಯೂ ನನ್ನೊಳಗೊಂದು ಮೌನ ಅರಳಿತು. ಇಟ್ಟ ಪ್ರತಿ ಹೆಜ್ಜೆಯೂ ಬದುಕಿನ ಪಾಠವಾಯಿತು.' ಹೀಗೇ ಸಾಗಿತ್ತು. ಒಂದು ಕಾಗುಣಿತ ತಪ್ಪಿರಲಿಲ್ಲ.

"ಇದನ್ನ ಯಾರು ಬರೆದದ್ದು?"

"ಫೋನು. ಮೊಮ್ಮಗಳು ಹಾಕಿ ಕೊಟ್ಟಾಳೆ. ನಾವು ಹೇಳಿದ್ರೆ ಸಾಕು, ಅದೇ ಬರೀತೈತೆ. ಹೆಂಗೈತೆ?"

"ನನಗೆ ಹೇಳಿದ್ದರೆ ಬರೆದುಕೊಡುತ್ತಿರಲಿಲ್ಲವಾ?"

"ಎಷ್ಟು ವರ್ಷ ನಿನಗೆ ತ್ರಾಸು ಕೊಡೋದು? ನೀನಾದ್ರೂ ಆರಾಮಾಗಿ ಊರು ನೋಡು" ಎಂದಳು. ಒಳ್ಳೆಯ ಮನಸ್ಸಿನಿಂದಲೇ ಹೇಳಿದಳು. ನನಗೆ ಕೆಲಸದಿಂದ ತೆಗೆದುಹಾಕಿದ ಹಾಗಾಯಿತು.

ಹೆಬ್ಬೆರಳು, ಹೂವು, ಕೈಮುಗಿದ ಚಿತ್ರಗಳು ಸುರಿಯತೊಡಗಿದವು. 'ಗಿರಿಜಕ್ಕ ಇಷ್ಟು ದಿನ ಎಲ್ಲಿ ಅಡಗಿಸಿಟ್ಟಿದ್ರಿ ಈ ಕಲೇನ?' ಎಂದು ಹೊನ್ನಾಳಿಯಿಂದ ಯಾರೋ ಬರೆದರು. ನಾನು ಮಧ್ಯರಾತ್ರಿಗೆ ಮುಂಚೆಯೇ ನನ್ನದನ್ನೂ ಮುಗಿಸಿ ಹಾಕಿದೆ. ಬೆಳಗ್ಗೆ ನೋಡಿದರೆ ಒಂದೇ ಒಂದು ಹೆಬ್ಬೆರಳು. ಅದು ನನ್ನ ತಂಗಿಯದು.

ನಿನ್ ಬಿನ್

ನಿನ್ ಬಿನ್ ಎಂಬಲ್ಲಿ ಹಸಿರು ಗದ್ದೆಗಳ ನಡುವೆ ನದಿ, ನದಿಯ ಎರಡು ದಂಡೆಗೂ ನೆಟ್ಟಗೆ ಎದ್ದ ಸುಣ್ಣಕಲ್ಲಿನ ಗುಡ್ಡಗಳು. ಅಲ್ಲಿಯ ಹೆಂಗಸರು ದೋಣಿಯಲ್ಲಿ ಒರಗಿ ಕೂತು, ಕಾಲಿನಿಂದ ಹುಟ್ಟು ಹಾಕುತ್ತಾರೆ. ಕೈ ಖಾಲಿ ಇರುವುದರಿಂದ ಕಸೂತಿ ಹಾಕುವವರೂ ಇದ್ದಾರಂತೆ. ಸೂಳೆಕೆರೆಯಲ್ಲಿ ಮೀನು ಹಿಡಿಯುವವರನ್ನು ಎಷ್ಟೋ ಸಲ ನೋಡಿದ್ದೇನೆ, ಕಾಲಿಗೆ ಈ ವಿದ್ಯೆ ಬರುತ್ತದೆಂದು ಗೊತ್ತಿರಲಿಲ್ಲ. ಇಷ್ಟನ್ನೂ ನಾನು ಕೇಳಿ ಬರೆಯುತ್ತಿದ್ದೇನೆ. ನೋಡಲಿಲ್ಲ.

ಹಿಂದಿನ ಸಂಜೆ ರಸ್ತೆ ಬದಿಯ ಗಿಡ್ಡ ಸ್ಟೂಲಿನ ಮೇಲೆ ಕೂತು ಗಿರಿಜೆ ಒಂದು ಬಟ್ಟಲು ಶಾವಿಗೆ ಸಾರು ಕುಡಿದಿದ್ದಳು. ಚಾಯ್ ಎಂದು ಹೇಳಿಯೇ ತರಿಸಿದ್ದು. ಮೇಲೆ ಸೊಪ್ಪು, ಅಣಬೆ. ಸಾರು ಮಾತ್ರ ಮೀನಿನದು. ಅದು ತಿಳಿದದ್ದೇ ಅವಳಿಗೆ ವಾಂತಿ ಶುರುವಾಯಿತು. ಬೆಳಗಾದರೂ ನಿಲ್ಲಲಿಲ್ಲ. ಉಳಿದವರು ದೋಣಿಗೆ ಹೊರಟರು. ನಾನು ಅವಳ ಜೊತೆ ಉಳಿದೆ. ಬಕೆಟ್ ಹಿಡಿದೆ, ಜೀರಿಗೆ ಅಗಿಯಲು ಕೊಟ್ಟೆ, ಅವಳ ಸೀರೆ ಒಗೆದು ಬಾಲ್ಕನಿಯಲ್ಲಿ ಹರವಿದೆ. ವಸತಿಗೃಹದ ಯಜಮಾನಿ ಬಂದವಳು, ಯಾರನ್ನೂ ಕೇಳದೆ ಮಂಚದ ಮೇಲೆ ಕೂತು, ಸಣ್ಣ ಸೀಸೆಯ ಹಸಿರು ಎಣ್ಣೆಯನ್ನು ಗಿರಿಜೆಯ ಹೊಟ್ಟೆಗೆ ತಿಕ್ಕಿದಳು. ನಮ್ಮಲ್ಲಿ ಹರಳೆಣ್ಣೆ ಹಚ್ಚುವ ಅಜ್ಜಿಯರದೇ ಕೈ. ಅವಳು ತಿಕ್ಕುತ್ತ ಏನೋ ಗದರಿದಳು. ಗಿರಿಜೆ "ಹೂಂ, ಹೂಂ" ಎಂದು ತಪ್ಪೊಪ್ಪಿಕೊಂಡಳು.

ಸಂಜೆ ಅವಳು ಎದ್ದು ಗಂಜಿ ಕುಡಿದಳು. ನನಗೆ ಸಮಾಧಾನವಾಯಿತು. ಸ್ನಾನ ಮುಗಿಸಿ ಬರುವಷ್ಟರಲ್ಲಿ ಗ್ರೂಪು ಕಿಣಿಕಿಣಿ ಎನ್ನುತ್ತಿತ್ತು.

'ನಾನೂ ನನ್ನ ಬಾಲ್ಯದ ಗೆಳತಿ ಸರೋಜಳೂ ಕೈ ಕೈ ಹಿಡಿದು ದೋಣಿಯಲ್ಲಿ ಕುಳಿತಾಗ, ನದಿ ನಮ್ಮ ಮರೆತ ದಿನಗಳ ಹಾಡನ್ನು ಗುನುಗಿತು.' ಕೆಳಗೆ ಒಂದು ಫೋಟೋ. ನಾವಿಬ್ಬರೂ ದೋಣಿಯಲ್ಲಿ ಕೂತಿದ್ದೇವೆ. ಹಿಂದೆ ಗುಡ್ಡ, ಮುಂದೆ ತಾವರೆ. ಹನೋಯ್‌ನ ಹೋಟೆಲ್ ಬಾಗಿಲಲ್ಲಿ ತೆಗೆಸಿದ ನಮ್ಮ ಮುಖಗಳನ್ನು ಫೋನು ಅಲ್ಲಿ ತಂದು ಕೂರಿಸಿತ್ತು. ನನ್ನ ಕಣ್ಣ ಕೆಳಗಿನ ಕಪ್ಪು ಹೋಗಿತ್ತು. ಕೂದಲು ಗಾಳಿಗೆ ಚೂರು ಹಾರಿತ್ತು. ನಾನು ಅಷ್ಟು ಚೆನ್ನಾಗಿ ಯಾವ ಫೋಟೋದಲ್ಲೂ ಬಂದಿಲ್ಲ.

ನನ್ನ ಮಗಳು ಫೋನ್ ಮಾಡಿದಳು. "ಅಮ್ಮಾ, ಎಷ್ಟು ಖುಷಿಯಾಗಿದ್ದೀಯ ಇದರಲ್ಲಿ. ಫ್ರೇಮ್ ಹಾಕಿಸ್ತೀನಿ."

ಬೇಡ ಎನ್ನಲಿಲ್ಲ. ಫೋನಿಟ್ಟು ಗಿರಿಜೆಯ ಕಡೆ ತಿರುಗಿದೆ.

"ನಾವು ದೋಣಿ ಹತ್ತಲೇ ಇಲ್ಲವಲ್ಲೇ."

"ನನ್ನಿಂದ ನಿನಗೆ ದೋಣಿ ತಪ್ಪಿತು. ಅದಕ್ಕೇ ಕೂರಿಸಿದೆ" ಎಂದಳು ಗಿರಿಜೆ. ಅವಳಿನ್ನೂ ಸುಸ್ತಾಗಿದ್ದಳು. ಬಾಯಿ ಒರೆಸಿಕೊಂಡು ನಕ್ಕಳು. ನಾನು ನಗಲಿಲ್ಲ. ಇಡೀ ದಿನ ಬಕೆಟ್ ಹಿಡಿದವಳು ನಾನು, ಹಾಡು ಗುನುಗಿದ್ದು ನದಿ. ಆ ಬರಹದ ಕೆಳಗೆ ಬಿದ್ದ ಹೂವುಗಳನ್ನು ಒಂದೊಂದಾಗಿ ನೋಡುತ್ತ ಕೂತೆ.

ಹುವೆ

ಹುವೆ ಹಳೆಯ ರಾಜರ ಊರು. ಅರಮನೆಯ ಕೋಟೆ, ಕಂದಕ, ಮಂಜಿನಲ್ಲಿ ನೆನೆದ ಹೆಂಚುಗಳು. ನಮ್ಮ ಹೆಂಗಸರಿಗೆ ಇಷ್ಟವಾದದ್ದು ಮಾರುಕಟ್ಟೆ. ಸಂತೇಬೆನ್ನೂರಿನ ಸಂತೆಯ ಹಾಗೆ ಅಲ್ಲೂ ಹೆಂಗಸರೇ ಅಂಗಡಿ ಹಾಕಿಕೊಂಡು, ಗಿರಾಕಿ ಇಲ್ಲದಾಗ ಒಬ್ಬರಿಗೊಬ್ಬರು ತಿನ್ನಲು ಕೊಟ್ಟುಕೊಳ್ಳುತ್ತಿದ್ದರು. ಒಂದು ಮೂಲೆಯಲ್ಲಿ ಹಲ್ಲು ಕಪ್ಪಾದ ಮುದುಕಿಯೊಬ್ಬಳು ಎಲೆ ಅಡಿಕೆ ಮಾರುತ್ತಿದ್ದಳು. ಅಡಿಕೆ ಹಸಿಯದು, ಸಿಪ್ಪೆ ಸಮೇತ ಹೋಳು ಮಾಡಿ ಇಟ್ಟಿದ್ದಳು. ಇಲ್ಲಿ ಗಂಡಿನ ಕಡೆಯವರು ಹೆಣ್ಣು ಕೇಳಲು ಬರುವಾಗ ಅಡಿಕೆ ಗೊನೆ ಹೊತ್ತು ಬರುತ್ತಾರೆಂದು ಲಿನ್ ಹೇಳಿದಳು.

ಗಿರಿಜೆ ಅಲ್ಲೇ ಕುಕ್ಕರಗಾಲಲ್ಲಿ ಕೂತುಬಿಟ್ಟಳು. ಸಂಚಿಯಿಂದ ನಮ್ಮ ಕಡೆಯ ಬೇಯಿಸಿ ಒಣಗಿಸಿದ ಕೆಂಪಡಿಕೆ ತೆಗೆದು ಮುದುಕಿಯ ಅಂಗೈಯಲ್ಲಿಟ್ಟಳು. ಫೋನನ್ನು ಇಬ್ಬರ ನಡುವೆ ಹಿಡಿದಳು.

"ನಮ್ಮೂರಾಗೆ ಹಿಂಗೆ ಬೇಸಿ ಒಣಗಸ್ತೀವಿ. ಭಾಳ ದಿನ ಇರತೈತೆ" ಎಂದಳು ಫೋನಿಗೆ.

ಫೋನು ವಿಯೆಟ್ನಾಮಿ ಭಾಷೆಯಲ್ಲಿ ಏನೋ ಹೇಳಿತು. ಮುದುಕಿ ಗಾಬರಿಯಾಗಿ ಅಡಿಕೆಯನ್ನು ವಾಪಸ್ ಕೊಟ್ಟಳು. ಲಿನ್ ನಗು ತಡೆಯಲಾರದೆ ಇಂಗ್ಲಿಷಿನಲ್ಲಿ ನನಗೆ ಹೇಳಿದಳು: ನಮ್ಮೂರಿನಲ್ಲಿ ಬೇಸಿಗೆ ಬಹಳ, ಜನ ಒಣಗಿಹೋಗುತ್ತಾರೆ ಎಂದು ಅದು ಅನುವಾದ ಮಾಡಿತ್ತು.

ಗಿರಿಜೆ ಗಂಟಲು ಸರಿಮಾಡಿಕೊಂಡಳು. ಮತ್ತೆ ಫೋನು ಎತ್ತಿ ನಿಧಾನವಾಗಿ, ಅಕ್ಷರ ಅಕ್ಷರ ಬಿಡಿಸಿ ಹೇಳಿದಳು: "ಇದು ಅಡಿಕೆ. ನಾವು ಇದನ್ನು ಬೇಯಿಸಿ ಒಣಗಿಸುತ್ತೇವೆ. ಬಹಳ ದಿನ ಇರುತ್ತದೆ."

ಈ ಸಲ ಮುದುಕಿಗೆ ತಿಳಿಯಿತು. ಅಡಿಕೆಯನ್ನು ಮೂಸಿ ನೋಡಿ, ಕಡಿದು, ಮುಖ ಕಿವಿಚಿ, ಆಮೇಲೆ ತಲೆಯಾಡಿಸಿದಳು. ಅವಳು ಪ್ರಶ್ನೆ ಕೇಳಿದಳು, ಫೋನು ಕನ್ನಡದಲ್ಲಿ ಹೇಳಿತು, ಗಿರಿಜೆ ಉತ್ತರ ಕೊಟ್ಟಳು. ಮಕ್ಕಳೆಷ್ಟು, ಗಂಡ ಇದ್ದಾನಾ, ಮಂಡಿ ನೋವಿಗೆ ಏನು ಮಾಡುತ್ತೀ. ಇಬ್ಬರೂ ಒಬ್ಬರ ತೊಡೆಗೆ ಒಬ್ಬರು ಹೊಡೆದುಕೊಂಡು ನಗುತ್ತಿದ್ದರು.

ನಾನು ಪಕ್ಕದಲ್ಲಿ ನಿಂತಿದ್ದೆ. ನನ್ನ ಇಂಗ್ಲಿಷ್ ಅಲ್ಲಿ ಯಾರಿಗೂ ಬೇಕಿರಲಿಲ್ಲ. ಆದರೆ ನನ್ನನ್ನು ಚುಚ್ಚಿದ್ದು ಅದಲ್ಲ. ನನ್ನ ನೌಕರಿಯ ಉದ್ದಕ್ಕೂ ಮಕ್ಕಳ 'ಐತೆ'ಯನ್ನು 'ಇದೆ' ಎಂದು ತಿದ್ದಿ ತಿದ್ದಿ ಕೆಂಪು ಪೆನ್ನು ಖಾಲಿ ಮಾಡಿದವಳು ನಾನು. ಗಿರಿಜೆಯ ಬಾಯಲ್ಲಿ ಒಂದು 'ಇರುತ್ತದೆ'ಯನ್ನು ಹೊರಡಿಸಲು ಅವಳ ಭಾಷಣಗಳಿಗೆ ಎಷ್ಟು ತಾಲೀಮು ಕೊಟ್ಟಿದ್ದೆನೋ. ಈ ಫೋನು ಒಂದೇ ಸಲಕ್ಕೆ ಮಾಡಿಸಿತು. ಅವಳು ಅದಕ್ಕಾಗಿ ತನ್ನ ನಾಲಿಗೆಯನ್ನೇ ಬದಲಿಸಿಕೊಂಡಳು, ಒಂದು ಚೂರೂ ಬೇಜಾರಿಲ್ಲದೆ.

ಅಲ್ಲಿಯೇ ರುದ್ರೇಶನ ಸಂದೇಶ ಬಂತು. ಗ್ರೂಪಿನಲ್ಲಿ ಎಲ್ಲರಿಗೂ ಕಾಣುವ ಹಾಗೆ ಬರೆದಿದ್ದ: 'ಗಿರಿಜಮ್ಮನವರ ಪ್ರವಾಸ ಬರಹಗಳನ್ನು ನಮ್ಮ ಪತ್ರಿಕೆಯಲ್ಲಿ ಪ್ರತಿ ವಾರ ಪ್ರಕಟಿಸುತ್ತೇವೆ.'

ನಾನು ಒಣಮೀನಿನ ಅಂಗಡಿಗಳ ಸಾಲಿನ ಹಿಂದೆ ಹೋಗಿ ಅವನಿಗೆ ಫೋನ್ ಮಾಡಿದೆ.

"ರುದ್ರೇಶ, ಅದು ಅವಳು ಬರೆದದ್ದಲ್ಲ. ಫೋನು ಬರೆದದ್ದು. ಆ ಫೋಟೋನೂ ಸುಳ್ಳು. ನಾವು ದೋಣಿ ಹತ್ತಲೇ ಇಲ್ಲ."

"ಗೊತ್ತಾತು ಬಿಡ್ರಿ ಮೇಡಂ" ಎಂದ ಅವನು, ತಣ್ಣಗೆ. "ಈಗ ನಮಗೆ ಬರೋದ್ರಾಗೆ ಅರ್ಧ ಹಂಗೇ ಇರ್ತಾವೆ. ತಿದ್ದಾಕೆ ಕೆಲಸ ಇರಲ್ಲ. ಜನಕ್ಕೂ ಓದಾಕೆ ಹಗುರ."

"ಮತ್ತೆ ನನ್ನದು?"

"ನಿಮ್ದೂ ಹಾಕ್ತೀನಿ ಮೇಡಂ. ಸ್ವಲ್ಪ ಉದ್ದ ಆಗೈತೆ. ಆ ಸೆರಗಿನ ಪಿನ್ನು, ಅದೂ ಇದೂ ತೆಗೀಬಹುದಾ?"

ಏಳನೇ ತರಗತಿಯಲ್ಲಿ ಅವನಿಗೆ ಅಲ್ಪಪ್ರಾಣ ಮಹಾಪ್ರಾಣ ಹೇಳಿಕೊಟ್ಟವಳು ನಾನು. ನೋಡೋಣ ಎಂದು ಫೋನಿಟ್ಟೆ. ಗುಟ್ಟು ಬಯಲು ಮಾಡಲು ಹೋದೆ, ಅಲ್ಲಿ ಗುಟ್ಟೇ ಇರಲಿಲ್ಲ. ನಾನು ಚಾಡಿ ಹೇಳಿದ್ದು ಮಾತ್ರ ಉಳಿಯಿತು.

ಹೋಯಿ ಆನ್

ಹೋಯಿ ಆನ್‌ಗೆ ಹೋಗುವ ಬಸ್ಸಿನಲ್ಲಿ ಗಿರಿಜೆ ನನ್ನ ಪಕ್ಕ ಕೂರಲಿಲ್ಲ. ದಾರಿಯಲ್ಲಿ ಘಟ್ಟ, ಘಟ್ಟದ ಕೆಳಗೆ ಸಮುದ್ರ. ಎಲ್ಲರೂ ಆ ಕಡೆಯ ಕಿಟಕಿಗೆ ಮುಗಿಬಿದ್ದರು. ಅವಳು ನನ್ನ ಕಡೆಗೊಮ್ಮೆಯೂ ನೋಡಲಿಲ್ಲ. ರುದ್ರೇಶ ಅವಳಿಗೆ ಏನಾದರೂ ಹೇಳಿರಬಹುದೇ ಎಂದು ದಾರಿಯುದ್ದಕ್ಕೂ ಯೋಚಿಸಿದೆ.

ಆ ಊರಿನಲ್ಲಿ ದೀಪ ಹಚ್ಚುವ ಹೊತ್ತಿಗೆ ನದಿಯ ಎರಡೂ ದಂಡೆಯಲ್ಲಿ ಬಣ್ಣದ ಬಟ್ಟೆಯ ಲಾಂದ್ರಗಳು ಹೊತ್ತಿಕೊಳ್ಳುತ್ತವೆ. ಹೆಂಗಸರು ಕಾಗದದ ದೊನ್ನೆಯಲ್ಲಿ ಮೇಣದ ದೀಪವಿಟ್ಟು ಮಾರುತ್ತಾರೆ, ಕೊಂಡವರು ಅದನ್ನು ನೀರಿಗೆ ಬಿಡುತ್ತಾರೆ. ನಮ್ಮವರೆಲ್ಲ ಕೊಂಡು ಬಿಟ್ಟರು. ಗಿರಿಜೆ ಮೆಟ್ಟಿಲ ಮೇಲೆ ಒಬ್ಬಳೇ ಕೂತಿದ್ದಳು. ಹೋಗಿ ಪಕ್ಕದಲ್ಲಿ ಕೂತೆ. ಅವಳು ಫೋನು ತೆಗೆದು ರುದ್ರೇಶ ಕಳಿಸಿದ್ದನ್ನು ನಿಧಾನವಾಗಿ ಓದಿದಳು.

"'ಫೋನಿನಿಂದ ಬರೆಸ್ತೀರಿ ಅಂತ ಸರೋಜಾ ಮೇಡಂ ಹೇಳಿದರು. ಏನೂ ಅಡ್ಡಿಯಿಲ್ಲ, ನಿಮ್ಮ ಹೆಸರೇ ಹಾಕುತ್ತೇವೆ.' ನೀನು ನನಗೇ ಹೇಳಬೋದಿತ್ತಲ್ಲ ಸರೋಜಾ."

"ಅದು ನಿನ್ನ ಮಾತಲ್ಲ ಗಿರಿಜಾ. ಮೌನ ಅರಳಿತು ಅಂತ ನೀನು ಯಾವತ್ತಾದರೂ ಅಂದಿದ್ದೀಯಾ?"

"ಇಲ್ಲ. ನೀನು ಬರದು ಕೊಟ್ಟಿದ್ದನ್ನೂ ನಾನು ಯಾವತ್ತೂ ಅಂದಿಲ್ಲ."

ಅವಳು ಫೋನನ್ನು ಮಡಿಲಲ್ಲಿಟ್ಟುಕೊಂಡಳು.

"ನಮ್ಮೋರು ಹೋದಾಗ 'ಸದಾ ಹಸನ್ಮುಖಿ' ಅಂತ ಬರದಿದ್ದೆ. ಅಷ್ಟು ಜನದ ಮುಂದೆ ನಿಂತು ಓದಿದೆ. ಅವರು ನಗ್ತಿದ್ದೋರಲ್ಲ. ನ್ಯಾಮತಿಯಾಗೆ ಯಾರನ್ನ ಕೇಳಿದ್ರೂ ಹೇಳ್ತಾರೆ. ಓದೋವಾಗ ನನಗೆ, ಇವರು ಯಾರ ಗಂಡ ಅನ್ನಿಸ್ತು."

"ಹಾಗಾದರೆ ಏನು ಬರೆಯಬೇಕಿತ್ತು?"

"ನಾನು ಉಣ್ಣೋವರೆಗೂ ಅವರು ಅಂಗಡಿಗೆ ಹೋಗ್ತಿರಲಿಲ್ಲ. ಎಲ್ಲಾರಿಗೂ ಬಡಿಸಿ ನಾನು ಕಡೀಗೆ ಕೂರೋದಲ್ಲಾ. ಅವರು ಜಗಲಿ ಮ್ಯಾಲೆ ಕುಂತಿರೋರು. 'ಆತಾ?' ಅಂತ ಅಲ್ಲಿಂದನೇ ಕೇಳೋರು. 'ಆತು' ಅಂದ ಮ್ಯಾಲೆ ಚಪ್ಪಲಿ ಮೆಟ್ಟೋರು. ಒಂದಿನಾನೂ ತಪ್ಪಲಿಲ್ಲ. ಒಂದಿನಾನೂ ನಗಲಿಲ್ಲ."

"ಇದನ್ನು ನೀನು ನನಗೆ ಹೇಳಲೇ ಇಲ್ಲ."

"ನೀನು ಕೇಳಲಿಲ್ಲ. ಹೆಸರು, ಊರು, ಎಷ್ಟು ವಯಸ್ಸು ಅಂತ ಕೇಳಿದೆ. ಗಂಟೆಯೊಳಗೆ ಬರದು ಕಳಿಸಿದೆ. ಈ ಫೋನು ಕೇಳತೈತೆ ನೋಡು. ಪ್ರತಿ ಸಲಾನೂ, 'ಇನ್ನೇನಾದರೂ ಹೇಳಬೇಕೆ?' ಅಂತ ಕೇಳತೈತೆ. ಅದರದು ಒಣ ಮಾತು ಅಂತ ನನಗೂ ಗೊತ್ತೈತೆ. ಆದ್ರೂ ಕೇಳತೈತಲ್ಲ."

ನಾನು ಅಳಲಿಲ್ಲ. ಅತ್ತಿದ್ದರೆ ಚೆನ್ನಾಗಿತ್ತೇನೋ. ನನಗೆ ಬಂದದ್ದು ಹೊಟ್ಟೆಕಿಚ್ಚೇ. ಜೀವವಿಲ್ಲದ ಆ ವಸ್ತುವಿನ ಮೇಲೆ, ಅದು ಕೇಳಿದ ಒಂದು ಪ್ರಶ್ನೆಯ ಮೇಲೆ. ಇಷ್ಟು ವರ್ಷ ಸವತಿಯಿಲ್ಲದೆ ಬದುಕಿದವಳಿಗೆ ಈ ವಯಸ್ಸಿನಲ್ಲಿ ಸವತಿ ಬಂದ ಹಾಗಾಗಿತ್ತು. ಅದೂ ನನಗಿಂತ ತಾಳ್ಮೆಯವಳು.

"ತಪ್ಪಾಯ್ತು" ಎಂದೆ. ಯಾವುದಕ್ಕೆ ಎಂದು ಅವಳು ಕೇಳಲಿಲ್ಲ. ದೀಪ ಮಾರುವವಳು ಹತ್ತಿರ ಬಂದಾಗ ಗಿರಿಜೆ ಎರಡು ಕೊಂಡು ಒಂದನ್ನು ನನ್ನ ಕೈಗೆ ಕೊಟ್ಟಳು. ನನ್ನದು ಮೆಟ್ಟಿಲಿಗೆ ಬಡಿದು ಅಲ್ಲೇ ಮಗುಚಿತು. ಗಿರಿಜೆ ಬಗ್ಗಿ ಅವಳದನ್ನು ದೂರಕ್ಕೆ ತಳ್ಳಿದಳು.

ವಿಮಾನದಲ್ಲಿ

ವಾಪಸ್ ಬರುವಾಗ ಸೀಟು ಒಟ್ಟಿಗೇ ಸಿಕ್ಕಿತು. ಕಿಟಕಿ ಅವಳದು. ಗ್ರೂಪಿಗೆ ಕೊನೆಯ ಬರಹವನ್ನು ಅವಳು ಏರ್‌ಪೋರ್ಟಿನಲ್ಲೇ ಹಾಕಿದ್ದಳು. 'ವಿಯೆಟ್ನಾಂ ನಮ್ಮ ಹೃದಯದಲ್ಲಿ ಸದಾ ಹಸಿರು' ಎಂದು ಮುಗಿದಿತ್ತು. ನಾನೂ ಒಂದು ಹೆಬ್ಬೆರಳು ಒತ್ತಿದೆ. ರುದ್ರೇಶ ಎಲ್ಲವನ್ನೂ ಹಾಕಲಿ, ದೋಣಿಯನ್ನೂ ಹಾಕಲಿ. ನನ್ನ ಸೆರಗಿನ ಪಿನ್ನನ್ನು ಮಾತ್ರ ನಾನು ತೆಗೆಯುವುದಿಲ್ಲ ಎಂದು ಅವನಿಗೆ ತಿಳಿಸಿಯಾಗಿತ್ತು.

ವಿಮಾನ ಏರಿದ ಮೇಲೆ ಫೋನುಗಳೆಲ್ಲ ಸುಮ್ಮನಾದವು. ಗಿರಿಜೆ ಶಾಲು ಹೊದ್ದು ಕೂತಳು. ನಾನು ಏನಾದರೂ ಕೇಳಬೇಕೆಂದುಕೊಂಡೆ. ಕೇಳಲು ಏನೂ ತೋಚಲಿಲ್ಲ. ಅವಳ ಬಗ್ಗೆ ನನಗೆ ಎಲ್ಲ ಗೊತ್ತು ಎಂದು ನಂಬಿಕೊಂಡೇ ಮುದುಕಿಯಾಗಿದ್ದೆ. ಕೊನೆಗೆ ಕೇಳಿದೆ.

"ಮದುವೆಯಾಗಿ ನ್ಯಾಮತಿಗೆ ಹೋದೆಯಲ್ಲ, ಮೊದಲನೇ ವರ್ಷ ಹೇಗಿತ್ತು?"

"ಈಗ್ಯಾಕೆ ಅದೆಲ್ಲ?"

"ಬರೆಯೋದಕ್ಕಲ್ಲ. ಸುಮ್ಮನೆ ಹೇಳು."

ಅವಳು ನನ್ನ ಮುಖ ನೋಡಿದಳು, ಪರೀಕ್ಷೆ ಮಾಡುವವರ ಹಾಗೆ. ಆಮೇಲೆ ಹೇಳತೊಡಗಿದಳು. ಒಂದು ಮಾತು ಹೇಳಿ ಸುಮ್ಮನಾಗುವಳು. ನನಗೆ ಆ ವಾಕ್ಯವನ್ನು ಮುಗಿಸಿಕೊಡುವ ಹಳೆಯ ಚಾಳಿ. ತುಟಿ ಕಚ್ಚಿಕೊಂಡು ಕಾದೆ. ಮತ್ತೆ ಹೇಳುವಳು. ಐತೆ, ಇತ್ತು, ಆತು, ಹೋತು, ಎಲ್ಲ ಬಂದವು. ನಡುವೆ ಊಟ ಬಂತು, ಚಾಯ್ ಹೌದೋ ಅಲ್ಲವೋ ಎಂದು ಕೂಡ ನೋಡದೆ ಪಕ್ಕಕ್ಕೆ ಸರಿಸಿದಳು. ಬೆಂಗಳೂರಿನ ದೀಪಗಳು ಕಾಣುವವರೆಗೂ ಹೇಳಿದಳು. ಅವಳು ಹೇಳಿದ್ದನ್ನು ಇಲ್ಲಿ ಬರೆಯುವುದಿಲ್ಲ. ಬೇಡ ಅಂದಿದ್ದಾಳೆ.

ಚಕ್ರ ನೆಲಕ್ಕೆ ತಾಗುವ ಮುಂಚೆ ನಾನು ತಡೆಯಲಾರದೆ ಕೇಳಿಯೇಬಿಟ್ಟೆ.

"ಇದನ್ನೆಲ್ಲ ಆ ಫೋನಿಗೂ ಹೇಳಿದ್ದೀಯಾ?"

"ಅದಕ್ಯಾಕೆ ಹೇಳಲಿ?" ಎಂದಳು ಗಿರಿಜೆ.

ನನಗಾದ ಸಂತೋಷ ಅವಳಿಗೆ ಕಾಣಬಾರದೆಂದು ಕಿಟಕಿಯ ಕಡೆ ತಿರುಗಿದೆ. ಕಿಟಕಿ ಅವಳ ಪಕ್ಕದಲ್ಲಿತ್ತು.